ಮಾಸ್ತರ್ರೇ, ಇದ್ರಲ್ಲಿ ಹೊಟ್ಟೆ ತುಂಬ್ತದಾ? ಪ್ರಿಂಟ್‌ಮೇಕಿಂಗ್ ಮತ್ತು ಚಿತ್ರಕಲಾ ಮಾಸ್ತರಿಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಾಲಕರ ಸಭೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಜನ ಕೇಳುವುದು ಹೆಚ್ಚುಕಡಿಮೆ ಇವನ್ನೇ. ಕಾರವಾರ, ಅಂಕೋಲಾ, ಕುಮಟಾ ಕಡೆಯವರೂ ಕೇಳುತ್ತಾರೆ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದವರೂ ಕೇಳುತ್ತಾರೆ. ಉತ್ತರಗಳು ಒಂದೇ ಕಡೆ ಇರಲಿ ಅಂತ ಬರೆದಿಟ್ಟಿದ್ದೇನೆ. ಕೆಲವು ಉದ್ದ ಇವೆ, ಕೆಲವು ಒಂದೆರಡು ಸಾಲು.

ನಿಮ್ಮದು ಪ್ರಿಂಟಿಂಗ್ ಪ್ರೆಸ್ಸಾ? ಮದುವೆ ಕಾಗದ ಮಾಡಿಕೊಡ್ತೀರಾ?

ಇಲ್ಲ. ಪ್ರೆಸ್ ಇದೆ, ಆದರೆ ಅದರಲ್ಲಿ ಮದುವೆ ಕಾಗದ ಮಾಡಲು ಹೋದರೆ ಮದುವೆ ಮುಗಿದ ಮೇಲೆ ಕೈಗೆ ಸಿಗುತ್ತದೆ.

ಹಾಗಾದ್ರೆ ಈ ಪ್ರಿಂಟ್‌ಮೇಕಿಂಗ್ ಅಂದ್ರೆ ಏನು?

ಮರದ ಹಲಗೆ, ರಬ್ಬರಿನ ಹಾಗೆ ಮೆತ್ತಗಿರುವ ಲಿನೋ ಶೀಟು, ಲೋಹದ ತಗಡು, ಕಲ್ಲು ಅಥವಾ ಬಟ್ಟೆಯ ಪರದೆಯ ಮೇಲೆ ಮೊದಲು ಚಿತ್ರ ಮಾಡುತ್ತೇವೆ. ಆಮೇಲೆ ಇಂಕು ಹಚ್ಚಿ ಕಾಗದಕ್ಕೆ ಇಳಿಸುತ್ತೇವೆ. ದಾರಿ ಮುಖ್ಯವಾಗಿ ನಾಲ್ಕು. ವುಡ್‌ಕಟ್, ಲಿನೋಕಟ್‌ನಲ್ಲಿ ಬೇಡದ್ದನ್ನು ಕೆತ್ತಿ ತೆಗೆದು, ಎತ್ತರ ಉಳಿದ ಜಾಗಕ್ಕೆ ಇಂಕು ಹಚ್ಚುತ್ತೇವೆ. ಎಚಿಂಗ್‌ನಲ್ಲಿ ತಲೆಕೆಳಗು: ತಗಡಿಗೆ ಮೇಣ ಹಚ್ಚಿ, ಗೀರಿ, ಆಸಿಡ್‌ನಲ್ಲಿ ಕೊರೆಸಿದ ಆಳದ ಗೆರೆಯಲ್ಲಿ ಇಂಕು ಉಳಿಯುತ್ತದೆ, ಮೇಲ್ಮೈಯನ್ನು ಒರೆಸುತ್ತೇವೆ. ಕಲ್ಲಿನ ಮೇಲೆ ಮಾಡುವ ಲಿಥೋದಲ್ಲಿ ಎತ್ತರವೂ ಇಲ್ಲ, ಆಳವೂ ಇಲ್ಲ. ಎಣ್ಣೆ ಮತ್ತು ನೀರು ಒಂದಕ್ಕೊಂದು ಸೇರುವುದಿಲ್ಲ ಅನ್ನುವುದರ ಮೇಲೆ ಅದು ನಡೆಯುತ್ತದೆ. 1796ರ ಹೊತ್ತಿಗೆ ಜರ್ಮನಿಯ ಸೆನೆಫೆಲ್ಡರ್ ಕಂಡುಹಿಡಿದದ್ದು. ನಾಲ್ಕನೆಯದು ಸ್ಕ್ರೀನ್ ಪ್ರಿಂಟ್. ಅಂಗಿ, ಬ್ಯಾನರ್ ಮೇಲೆ ಎಲ್ಲರೂ ನೋಡಿದ್ದೇ.

ನಮ್ಮ ಕರಾವಳಿಯವರಿಗೆ ಇದು ಹೊಸ ವಿದ್ಯೆ ಅಂತ ನನಗೆ ಅನಿಸುವುದಿಲ್ಲ. ಕಾವಿ ಕಲೆ ನೋಡಿದ್ದೀರಲ್ಲ? ಅಂಕೋಲಾದಿಂದ ಭಟ್ಕಳದವರೆಗೆ ಹಳೆಯ ದೇವಸ್ಥಾನಗಳ ಗೋಡೆಯ ಮೇಲೆ ಇರುತ್ತಿತ್ತು. ಶಿರಸಿ ಮಾರಿಕಾಂಬೆ ಗುಡಿಯಲ್ಲೂ ಇದೆ. ಬಿಳಿ ಸುಣ್ಣದ ಗಾರೆ, ಅದರ ಮೇಲೆ ಕೆಂಪು ಕಾವಿಯ ಪದರ. ಹಸಿ ಇರುವಾಗಲೇ ಚೂಪು ಕಬ್ಬಿಣದಿಂದ ಕೆಂಪನ್ನು ಕೆರೆದರೆ ಒಳಗಿನ ಬಿಳಿ ಗೆರೆಯಾಗಿ ಕಾಣುತ್ತದೆ. ತಗಡಿನ ಮೇಲಿನ ಮೇಣ ಕೆರೆಯುವಾಗ ಕೈ ಮಾಡುವ ಕೆಲಸವೂ ಅದೇ. ಒಂದು ಸಲ ಕೆರೆದರೆ ಅಳಿಸುವ ಹಾಗಿಲ್ಲ, ಹಾಗಾಗಿ ಗೆರೆ ಎಲ್ಲಿ ನಿಲ್ಲಬೇಕು ಅನ್ನುವುದು ಮೊದಲೇ ಗೊತ್ತಿರಬೇಕು. ಹೊನ್ನಾವರದ ಕೃಷ್ಣಾನಂದ ಕಾಮತರು ಈ ಗೋಡೆಗಳನ್ನು ಹುಡುಕಿಕೊಂಡು ಹೋಗಿ ದಾಖಲಿಸಿದರು. ಆಮೇಲೆ ಎಷ್ಟೋ ಕಡೆ ಜೀರ್ಣೋದ್ಧಾರ ಅಂತ ಟೈಲ್ಸ್, ಆಯಿಲ್ ಪೇಂಟ್ ಬಂತು. ನಿಮ್ಮ ಊರಿನ ಗುಡಿಯಲ್ಲಿ ಇನ್ನೂ ಕಾವಿ ಉಳಿದಿದ್ದರೆ ಮೊದಲು ಒಂದು ಒಳ್ಳೆ ಫೋಟೋ ತೆಗೆದಿಡಿ. ಚರ್ಚೆ ಆಮೇಲೆ.

ಮರ ಕೆತ್ತುವುದಕ್ಕಂತೂ ನಮ್ಮಲ್ಲಿ ಗುಡಿಗಾರರಿದ್ದಾರೆ. ಉಳಿ ಹಿಡಿಯುವುದು, ಉಳಿ ಮಸೆಯುವುದು ಹೇಗೆ ಅಂತ ಕಲಿಯಬೇಕಿದ್ದರೆ ವಿಡಿಯೋ ನೋಡುವುದಕ್ಕಿಂತ ಅವರ ಪಕ್ಕ ಒಂದು ಮಧ್ಯಾಹ್ನ ಕೂತರೆ ಲಾಭ ಜಾಸ್ತಿ.

ಒಂದೇ ಚಿತ್ರ ಹತ್ತು ಪ್ರತಿ ತೆಗೆದ್ರೆ ಅದು ಜೆರಾಕ್ಸ್ ಅಲ್ವಾ? ಒರಿಜಿನಲ್ ಯಾವುದು?

ಹತ್ತೂ ಒರಿಜಿನಲ್.

ನಿಮ್ಮ ದೇವರ ಮನೆಯಲ್ಲಿ ಅಜ್ಜಿ ಕಾಲದ ಲಕ್ಷ್ಮಿ ಪಟ ಇರಬಹುದು. ರಾಜಾ ರವಿವರ್ಮ 1894ರಲ್ಲಿ ಮುಂಬೈನಲ್ಲಿ ಲಿಥೋ ಪ್ರೆಸ್ ಶುರು ಮಾಡಿದ ಮೇಲೆ ಇಂಥ ಪಟಗಳು ಮನೆ ಮನೆಗೆ ಬಂದವು. ಆದರೆ ಅಲ್ಲಿ ಮೂಲ ಚಿತ್ರ ಬೇರೆ ಕಡೆ ಇದೆ, ಎಣ್ಣೆ ಬಣ್ಣದ್ದು. ಪಟ ಅದರ ನಕಲು. ನಾವು ಮಾಡುವುದರಲ್ಲಿ ಬೇರೆ ಮೂಲ ಇಲ್ಲ. ತಗಡು ತೋರಿಸಿದರೆ ಅದು ಚಿತ್ರ ಅಲ್ಲ, ಬರೀ ತಗಡು. ಕಾಗದಕ್ಕೆ ಇಳಿದಾಗಲೇ ಚಿತ್ರ ಆಗುವುದು. ಪ್ರತಿ ಸಲವೂ ಇಂಕು ಹಚ್ಚಿ, ಒರೆಸಿ, ಕಾಗದ ಇಟ್ಟು, ಕೈಯಾರೆ ತೆಗೆಯಬೇಕು.

ಕೆಳಗೆ ಪೆನ್ಸಿಲಿನಲ್ಲಿ 4/15 ಅಂತ ಇದ್ದರೆ, ತೆಗೆದದ್ದು ಒಟ್ಟು 15, ಇದು ನಾಲ್ಕನೆಯದು. ಎ/ಪಿ ಅಂತ ಇದ್ದರೆ ಕಲಾವಿದ ತನಗೆ ಇಟ್ಟುಕೊಂಡ ಪ್ರತಿ. ಹದಿನೈದು ಆದ ಮೇಲೆ ತಗಡಿಗೆ ಅಡ್ಡ ಗೀರು ಹೊಡೆದುಬಿಡುತ್ತಾರೆ. ಆಮೇಲೆ ಹದಿನಾರನೆಯದು ತೆಗೆದು ಮಾರಿದರೆ ಅದು ಮೋಸ. ಅದಕ್ಕೆ ಬೇರೆ ಹೆಸರಿಲ್ಲ.

ಇದ್ರಲ್ಲಿ ಹೊಟ್ಟೆ ತುಂಬ್ತದಾ?

ಬರೀ ಪ್ರಿಂಟ್ ಮಾರಿ? ನಮ್ಮ ಜಿಲ್ಲೆಯಲ್ಲಿ ಕೂತು? ಇಲ್ಲ. ಸುಮ್ನೆ ಆಸೆ ಹುಟ್ಟಿಸುವುದಿಲ್ಲ.

ಪ್ರಿಂಟ್ ಜೊತೆ ಮಾಸ್ತರಿಕೆ ಇದ್ದರೆ ತುಂಬುತ್ತದೆ. ಸಂಬಳದ ನೌಕರಿ ಸಿಕ್ಕರೆ ನಿರಾಳ. ಸಿಗದಿದ್ದರೆ ಎರಡು ಮೂರು ಖಾಸಗಿ ಶಾಲೆಗಳಲ್ಲಿ ದಿನ ಹಂಚಿಕೊಂಡು ಕಲಿಸುವವರಿದ್ದಾರೆ. ಶನಿವಾರ, ಭಾನುವಾರ ಮನೆಯಲ್ಲಿ ಡ್ರಾಯಿಂಗ್ ಕ್ಲಾಸು, ಏಪ್ರಿಲ್ ತಿಂಗಳಿನಲ್ಲಿ ಬೇಸಿಗೆ ಶಿಬಿರ, ಚೌತಿಗೆ ಮೊದಲು ಮಣ್ಣಿನ ಗಣಪತಿ, ನಡುವೆ ಪುಸ್ತಕದ ಮುಖಪುಟ. ಇದೆಲ್ಲ ಸೇರಿ ಒಂದು ಸಂಸಾರ ನಡೆಯುತ್ತದೆ. ಗಣಪತಿ ಮಾಡುವುದು ಕೀಳು ಕೆಲಸ ಅಂತ ಆರ್ಟ್ ಕಾಲೇಜಿನಿಂದ ಹೊಸದಾಗಿ ಬಂದ ಹುಡುಗರು ಮೂಗು ಮುರಿಯುತ್ತಾರೆ. ಎರಡು ವರ್ಷ ಬಿಟ್ಟು ಅವರೇ ಜೇಡಿಮಣ್ಣು ಎಲ್ಲಿ ಸಿಗುತ್ತದೆ ಅಂತ ಕೇಳಲು ಬರುತ್ತಾರೆ.

ಮಾಸ್ತರಿಕೆಯ ಇನ್ನೊಂದು ಮುಖವೂ ಗೊತ್ತಿರಲಿ. ಶಾಲೆಯಲ್ಲಿ ಗ್ಯಾದರಿಂಗ್ ಇದ್ದರೆ ಸ್ಟೇಜಿನ ಪರದೆ ನಿಮ್ಮದು. ಸ್ವಾತಂತ್ರ್ಯ ದಿನದ ರಂಗೋಲಿ ನಿಮ್ಮದು. ಬೀಳ್ಕೊಡುಗೆಯ ಬೋರ್ಡು, ಪ್ರತಿಭಾ ಕಾರಂಜಿಗೆ ಮಕ್ಕಳ ತಯಾರಿ, ಸರ್ಟಿಫಿಕೇಟಿನಲ್ಲಿ ಚಂದದ ಅಕ್ಷರ, ಎಲ್ಲ ನಿಮ್ಮದು. ಗಣಿತದ ಮಾಸ್ತರು ರಜೆ ಹಾಕಿದರೆ ಅವರ ಕ್ಲಾಸೂ ನಿಮ್ಮದು. ಪರೀಕ್ಷೆ ಹತ್ತಿರ ಬಂದರೆ ನಿಮ್ಮ ಕ್ಲಾಸು ಗಣಿತದವರದು.

ಚಿತ್ರಕಲಾ ಮಾಸ್ತರ್ ಆಗ್ಲಿಕ್ಕೆ ಏನು ಓದಬೇಕು? ಎಲ್ಲಿ?

ಹೈಸ್ಕೂಲಿನಲ್ಲಿ ಇರುವಾಗಲೇ ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಮುಗಿಸಿಕೊಳ್ಳಿ. ಪಿಯುಸಿ ಆದ ಮೇಲೆ ನಾಲ್ಕು ವರ್ಷದ ಬಿವಿಎ ಅನ್ನುವ ದೃಶ್ಯಕಲೆಯ ಪದವಿ, ಅದರ ಮೇಲೆ ಎರಡು ವರ್ಷದ ಎಂವಿಎ ಅನ್ನುವ ಸ್ನಾತಕೋತ್ತರ ಪದವಿ. ಬಿವಿಎ ಶುರುವಿನಲ್ಲಿ ಎಲ್ಲರಿಗೂ ಒಂದೇ ಪಾಠ, ಆಮೇಲೆ ಪೇಂಟಿಂಗ್, ಶಿಲ್ಪ, ಗ್ರಾಫಿಕ್ ಹೀಗೆ ಒಂದನ್ನು ಆರಿಸಿಕೊಳ್ಳಬೇಕು. ಪ್ರಿಂಟ್‌ಮೇಕಿಂಗ್ ಇರುವುದು ಗ್ರಾಫಿಕ್ ವಿಭಾಗದಲ್ಲಿ. ಕಂಪ್ಯೂಟರ್ ಕೋರ್ಸ್ ಅಂದುಕೊಂಡು ಸೇರಬೇಡಿ.

ನಮ್ಮ ಮಕ್ಕಳು ಸಾಮಾನ್ಯವಾಗಿ ಹೋಗುವುದು ಧಾರವಾಡ, ಹುಬ್ಬಳ್ಳಿ, ದಾವಣಗೆರೆ ಕಡೆಗೆ. ಧಾರವಾಡದಲ್ಲಿ ಹಾಲಭಾವಿಯವರು ಕಟ್ಟಿದ ಚಿತ್ರಕಲಾ ಶಾಲೆಯಿಂದ ಎಷ್ಟೋ ಡ್ರಾಯಿಂಗ್ ಮಾಸ್ತರರು ಬಂದಿದ್ದಾರೆ. ಮೈಸೂರಿನ ಕಾವಾ ಕಲಾ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಹಡಪದ ಮಾಸ್ತರರ ಕೆನ್ ಸ್ಕೂಲು ದೂರ, ಖರ್ಚೂ ಜಾಸ್ತಿ. ಆದರೆ ನೋಡಲು ಪ್ರದರ್ಶನಗಳು ಸಿಗುತ್ತವೆ. ಸೇರುವ ಮೊದಲು ಒಂದು ಕೆಲಸ ಮಾಡಿ. ಕಾಲೇಜಿಗೆ ಹೋಗಿ ಪ್ರೆಸ್ ನೋಡಿ. ಅದರ ಕಬ್ಬಿಣದ ಹಾಸಿನ ಮೇಲೆ ಹೊಸ ಇಂಕಿನ ಕಲೆ ಇದೆಯಾ, ಅಥವಾ ಧೂಳು ಕೂತು ಮೇಲೆ ಹಳೆ ಪೇಪರ್ ಪೇರಿಸಿದ್ದಾರಾ ನೋಡಿ. ಅದು ಹೇಳುವಷ್ಟು ನಿಜ ಪ್ರಾಸ್ಪೆಕ್ಟಸ್ ಹೇಳುವುದಿಲ್ಲ.

ಸರ್ಕಾರಿ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕರ ಹುದ್ದೆ ವರ್ಷ ವರ್ಷ ಕರೆಯುವುದಿಲ್ಲ. ನವೋದಯ ಶಾಲೆಗಳಲ್ಲಿ ಆರ್ಟ್ ಟೀಚರ್ ಹುದ್ದೆ ಇದೆ, ಅದಕ್ಕೆ ದೇಶದ ಯಾವ ಮೂಲೆಗೂ ಹೋಗಲು ತಯಾರಿರಬೇಕು. ಕಾಲೇಜಿನಲ್ಲಿ ಕಲಿಸುವ ಆಸೆ ಇದ್ದರೆ ಎಂವಿಎ ಜೊತೆ ಯುಜಿಸಿ ನೆಟ್ ಬರೆಯಿರಿ. ಅದರಲ್ಲಿ ದೃಶ್ಯಕಲೆ ವಿಷಯ ಇದೆ. ನಿಯಮ ಆಗಾಗ ಬದಲಾಗುತ್ತವೆ, ಅಧಿಸೂಚನೆ ಬಂದಾಗ ಅದನ್ನೇ ಓದಿ. ನನ್ನ ಮಾತು ನಂಬಿ ಅರ್ಜಿ ಹಾಕಬೇಡಿ.

ಪ್ರಿಂಟ್ ಮಾಡುವವ್ರೆಲ್ಲ ಯಾಕೆ ಮಾಸ್ತರರೇ ಆಗಿರ್ತಾರೆ? ಕಲೆಯಲ್ಲಿ ಗೆಲ್ಲದವ್ರು ಕಲಿಸ್ಲಿಕ್ಕೆ ಹೋಗ್ತಾರಾ?

ಈ ಪ್ರಶ್ನೆ ನನಗೆ ಸ್ವಲ್ಪ ಚುಚ್ಚುತ್ತದೆ, ಆದರೂ ಒಳ್ಳೆ ಪ್ರಶ್ನೆ.

ಪೇಂಟಿಂಗ್ ಮಾಡುವವರಿಗೆ ಒಂದು ಕೋಣೆ ಸಾಕು. ಪ್ರಿಂಟ್‌ಗೆ ಪ್ರೆಸ್ ಬೇಕು. ಕಬ್ಬಿನ ಹಾಲು ಹಿಂಡುವ ಮಿಷನ್ನಿನ ಹಾಗೆ ಎರಡು ಉರುಳೆ, ನಡುವೆ ಕಬ್ಬಿಣದ ಹಾಸು. ನಾಲ್ಕು ಜನ ಸೇರಿದರೂ ಎತ್ತಲಾಗದ ಭಾರ. ಆಸಿಡ್ ಟ್ರೇ, ಒರೆಸುವ ಬಟ್ಟೆ, ಒಣಗಿಸುವ ಜಾಗ ಬೇರೆ. ಒಬ್ಬರ ಮನೆಯಲ್ಲಿ ಇದು ಕಷ್ಟ. ಅದಕ್ಕೇ ಪ್ರೆಸ್ ಇರುವುದು ಕಾಲೇಜಿನಲ್ಲಿ, ಅಕಾಡೆಮಿಯಲ್ಲಿ, ಹಂಚಿಕೊಂಡು ನಡೆಸುವ ಸ್ಟುಡಿಯೋದಲ್ಲಿ. ಪ್ರೆಸ್ ಇದ್ದಲ್ಲಿ ಜನ ಸೇರುತ್ತಾರೆ. ಜನ ಸೇರಿದಲ್ಲಿ ಒಬ್ಬ ಇನ್ನೊಬ್ಬನಿಗೆ ತೋರಿಸಿಕೊಡಲೇಬೇಕು. ಮಾಸ್ತರಿಕೆ ಈ ಕೆಲಸದ ಒಳಗೇ ಇದೆ, ಹೊರಗಿನಿಂದ ಅಂಟಿಸಿದ್ದಲ್ಲ.

ಹೆಸರು ಹೇಳುತ್ತೇನೆ. ಚಿತ್ತೂರು ಕಡೆಯ ಕೃಷ್ಣ ರೆಡ್ಡಿ ಶಾಂತಿನಿಕೇತನದಲ್ಲಿ ಕಲಿತು, ಪ್ಯಾರಿಸ್ಸಿಗೆ ಹೋಗಿ ಹೇಟರ್ ಅವರ ಅಟೆಲಿಯೆ 17 ಅನ್ನುವ ಪ್ರಿಂಟ್ ಸ್ಟುಡಿಯೋ ಸೇರಿದರು. ಒಂದೇ ತಗಡಿನಿಂದ ಒಂದೇ ಸಲಕ್ಕೆ ಹಲವು ಬಣ್ಣ ತೆಗೆಯುವ ವಿಸ್ಕಾಸಿಟಿ ವಿಧಾನ ಬೆಳೆದದ್ದು ಅಲ್ಲಿ. ಒಂದು ಇಂಕು ತೆಳು, ಇನ್ನೊಂದು ಗಟ್ಟಿ, ಒಂದು ರೋಲರ್ ಮೆತ್ತಗೆ, ಇನ್ನೊಂದು ಬಿಗಿ. ಎಣ್ಣೆಯ ಅಂಶ ಹೆಚ್ಚುಕಡಿಮೆ ಇದ್ದರೆ ಬಣ್ಣಗಳು ಒಂದರೊಳಗೊಂದು ಬೆರೆಯುವುದಿಲ್ಲ. ಹತ್ತಾರು ಜನ ಒಂದೇ ಕೋಣೆಯಲ್ಲಿ ಪ್ರಯೋಗ ಮಾಡಿದ್ದರಿಂದ ಸಿಕ್ಕಿದ್ದು ಇದು. ಆಮೇಲೆ ರೆಡ್ಡಿಯವರು ನ್ಯೂಯಾರ್ಕ್‌ನಲ್ಲಿ ಕಲಿಸಿದರು. ಸೋಮನಾಥ ಹೋರ್ ದೆಹಲಿಯಲ್ಲಿ, ಮತ್ತೆ ಶಾಂತಿನಿಕೇತನದಲ್ಲಿ ಕಲಿಸಿದರು. ವುಡ್‌ಕಟ್ ಅಂದರೆ ನೆನಪಾಗುವ ಹರೇನ್ ದಾಸ್ ಕೋಲ್ಕತ್ತದಲ್ಲಿ ಮಾಸ್ತರು. ಜ್ಯೋತಿ ಭಟ್ ಬರೋಡಾದಲ್ಲಿ ಕಲಿಸುತ್ತ, ರಜೆಯಲ್ಲಿ ಹಳ್ಳಿ ಹಳ್ಳಿ ತಿರುಗಿ ಗೋಡೆ ಚಿತ್ರ, ರಂಗೋಲಿಗಳ ಫೋಟೋ ತೆಗೆದರು. ಇವರಲ್ಲಿ ಸೋತವರು ಯಾರು ಹೇಳಿ?

ನಮ್ಮೂರಿಗೂ ಇದಕ್ಕೂ ಒಂದು ಎಳೆ ಇದೆ. ಕಾರವಾರದ ಬೀಚಿಗೆ ರವೀಂದ್ರನಾಥ ಟಾಗೋರರ ಹೆಸರು ಯಾಕೆ ಬಂತು ಗೊತ್ತಲ್ಲ? ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. 1880ರ ದಶಕದಲ್ಲಿ, ಇಪ್ಪತ್ತರ ಆಸುಪಾಸಿನ ಹುಡುಗನಾಗಿ ರವೀಂದ್ರರು ಇಲ್ಲಿ ಬಂದು ಇದ್ದರು. ಅದೇ ರವೀಂದ್ರರು 1919ರಲ್ಲಿ ಶಾಂತಿನಿಕೇತನದಲ್ಲಿ ಕಲಾಭವನ ಶುರು ಮಾಡಿದರು. ಅಲ್ಲಿ ನಂದಲಾಲ್ ಬೋಸರು ಮಕ್ಕಳ ಪಠ್ಯಪುಸ್ತಕಕ್ಕೆ ಲಿನೋಕಟ್ ಚಿತ್ರ ಮಾಡಿಕೊಟ್ಟರು. 1930ರಲ್ಲಿ ದಂಡಿಗೆ ನಡೆದ ಗಾಂಧೀಜಿಯನ್ನು ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೆರೆಯಲ್ಲಿ ಕೆತ್ತಿದ್ದೂ ಅವರೇ. ಕೋಲು ಹಿಡಿದ ಆ ಚಿತ್ರ ನೀವು ನೋಡಿಯೇ ಇರುತ್ತೀರಿ. ಅದೇ ವರ್ಷ ನಮ್ಮ ಅಂಕೋಲಾದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಿತ್ತು. ಎಂಟನೇ ಕ್ಲಾಸಿನ ಮಕ್ಕಳಿಗೆ ಲಿನೋಕಟ್ ಹೇಳಿಕೊಡುವಾಗ ನಾನು ಮೊದಲು ತೋರಿಸುವ ಚಿತ್ರ ಇದು. ಗೆರೆ ಎಷ್ಟು ಕಡಿಮೆ ಇದೆ ಎಣಿಸಿ ಅನ್ನುತ್ತೇನೆ.

ಹೆಣ್ಣುಮಕ್ಕಳ ಕೈಲಿ ಈ ಪ್ರೆಸ್ ತಿರುಗಿಸ್ಲಿಕ್ಕೆ ಆಗ್ತದಾ?

ಆಗುತ್ತದೆ. ಗೇರ್ ಇರುವ ಪ್ರೆಸ್ಸಿಗೆ ಬಲ ಅಷ್ಟೇನೂ ಬೇಡ. ಅನುಪಮ್ ಸೂದ್ ದೆಹಲಿಯಲ್ಲಿ ಎಚಿಂಗ್ ಮಾಡುತ್ತ, ಕಲಿಸುತ್ತ ಹೆಸರು ಮಾಡಿದವರು. ಜರೀನಾ ಹಾಶ್ಮಿ ವುಡ್‌ಕಟ್‌ನಲ್ಲೇ ಮನೆ, ಗಡಿ, ಊರು ಬಿಟ್ಟ ನೋವನ್ನು ಹೇಳಿದವರು. ಈ ಪ್ರಶ್ನೆಯನ್ನು ಗದ್ದೆ ನೆಟ್ಟು, ಮೀನಿನ ಬುಟ್ಟಿ ಹೊತ್ತು ಬರುವ ಹೆಂಗಸರಿರುವ ಊರಿನಲ್ಲಿ ಕೇಳುತ್ತಾರಲ್ಲ!

ಪ್ರೆಸ್ ಇಲ್ದೆ ಶಾಲೆಯಲ್ಲಿ, ಮನೆಯಲ್ಲಿ ಶುರು ಮಾಡ್ಬಹುದಾ?

ಧಾರಾಳವಾಗಿ. ವುಡ್‌ಕಟ್, ಲಿನೋಕಟ್‌ಗೆ ಪ್ರೆಸ್ ಬೇಕೆಂದಿಲ್ಲ. ಕಾಗದದ ಬೆನ್ನಿಗೆ ಸ್ಟೀಲ್ ಚಮಚದಿಂದ, ಇಲ್ಲ ನುಣ್ಣಗೆ ಉಜ್ಜಿದ ತೆಂಗಿನ ಕರಟದಿಂದ ಒತ್ತಿ ತಿಕ್ಕಿದರೆ ಸಾಕು. ಹಲಗೆಗೆ ಬಡಗಿ ಹತ್ತಿರ ಉಳಿದ ಪ್ಲೈವುಡ್ ತುಂಡು ಕೇಳಿ. ಮೊದಲ ದಿನ ಮಕ್ಕಳು ಎಲ್ಲರೂ ತಮ್ಮ ಹೆಸರು ಕೆತ್ತುತ್ತಾರೆ, ಅಚ್ಚಿನಲ್ಲಿ ಅದು ಉಲ್ಟಾ ಬರುತ್ತದೆ. ನಾನು ಮೊದಲೇ ಹೇಳುವುದಿಲ್ಲ. ತಾವೇ ಕಂಡುಕೊಂಡರೆ ಮತ್ತೆ ಮರೆಯುವುದಿಲ್ಲ.

ಕೊಲಾಗ್ರಾಫ್ ಅಂತ ಇನ್ನೊಂದು ಇದೆ. ರಟ್ಟಿನ ಮೇಲೆ ಬೇರೆ ಬೇರೆ ವಸ್ತು ಅಂಟಿಸಿ, ವಾರ್ನಿಷ್ ಬಳಿದು ಒಣಗಿಸಿ, ಇಂಕು ಹಚ್ಚುವುದು. ಅಡಿಕೆ ಹಾಳೆಯ ನಾರು, ಹರಿದ ಮೀನಿನ ಬಲೆ, ಗೋಣಿತಾಟು, ಒಣಗಿದ ಎಲೆ, ಎಲ್ಲ ನಡೆಯುತ್ತದೆ. ಬೆಂಗಳೂರಿನ ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಇಂಥ ವಿನ್ಯಾಸ ಸಿಗುವುದಿಲ್ಲ.

ಬಂದರಿನ ಮಕ್ಕಳಿಗೆ ತುಂಬ ಇಷ್ಟವಾಗುವುದು ಮೀನಿನ ಅಚ್ಚು. ಜಪಾನಿನ ಮೀನುಗಾರರು ತಾವು ಹಿಡಿದ ಮೀನಿನ ಅಳತೆ ತೋರಿಸಲು ಮೀನಿಗೇ ಮಸಿ ಹಚ್ಚಿ ಕಾಗದ ಒತ್ತುತ್ತಿದ್ದರು. ಗ್ಯೋಟಕು ಅನ್ನುತ್ತಾರೆ. ಚಪ್ಪಟೆ ಇರುವ ಪಾಂಪ್ಲೆಟ್‌ನಲ್ಲಿ ಅಚ್ಚು ಸಲೀಸು, ದುಂಡಗಿರುವ ಬಂಗಡೆಯಲ್ಲಿ ಕಾಗದ ಮಡಚಿಕೊಳ್ಳುತ್ತದೆ. ಮೊದಲು ಲೋಳೆ ಹೋಗುವ ಹಾಗೆ ಉಪ್ಪು ಹಾಕಿ ತೊಳೆದು, ಒರೆಸಿ ಒಣಗಿಸಬೇಕು. ಇಲ್ಲದಿದ್ದರೆ ಮಸಿ ಹಿಡಿಯುವುದಿಲ್ಲ. ಮೀನು ಮುಟ್ಟದ ಮನೆಯ ಮಕ್ಕಳಿಗೆ ಕೆಸುವಿನ ಎಲೆ ಕೊಡುತ್ತೇನೆ. ಬೆನ್ನಿನ ನರಗಳು ಚಂದ ಬರುತ್ತವೆ, ಕೈ ತುರಿಸದ ಹಾಗೆ ನೋಡಿಕೊಂಡರಾಯಿತು.

ತೋಟಕ್ಕೆ ಹೊಡೆಯುವ ಮೈಲುತುತ್ತದಲ್ಲಿ ಎಚಿಂಗ್ ಆಗ್ತದಂತೆ, ಹೌದಾ?

ಹೌದು. ಶಿರಸಿ ಕಡೆಯವರು ಇದನ್ನು ಕೇಳಿದಾಗ ನನಗೆ ಬಹಳ ಖುಷಿ.

ಕಾಲೇಜಿನಲ್ಲಿ ಸತುವಿನ ತಗಡಿಗೆ ನೈಟ್ರಿಕ್ ಆಸಿಡ್ ಬಳಸುತ್ತಾರೆ. ಬೇಗ ಕೊರೆಯುತ್ತದೆ, ಆದರೆ ಕಂದು ಹೊಗೆ ಏಳುತ್ತದೆ. ಅದನ್ನು ಉಸಿರಿಗೆ ತೆಗೆದುಕೊಳ್ಳುವುದು ತುಂಬ ಅಪಾಯ. ಮನೆಯ ಕೊಟ್ಟಿಗೆಯಲ್ಲಿ, ಶಾಲೆಯ ಕೋಣೆಯಲ್ಲಿ ಅದು ಬೇಡವೇ ಬೇಡ. ಅದರ ಬದಲು ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ಆಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಕೊನೆಗಾರ ಮರ ಹತ್ತಿ ಹೊಡೆಯುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕುತ್ತಾರಲ್ಲ, ಅದೇ ಮೈಲುತುತ್ತ. ಇಲ್ಲಿ ಸುಣ್ಣ ಬೇಡ, ಉಪ್ಪು ಬೇಕು. ಎರಡೂ ಸಮ ತೂಕ, ನೀರಿನಲ್ಲಿ ಕರಗಿಸಬೇಕು. ಸಾಣಿಕಟ್ಟೆಯ ಕಲ್ಲುಪ್ಪು ಆದರೂ ಸೈ.

ತಗಡಿಗೆ ಮೊದಲು ಜೇನುಮೇಣ, ರಾಳ, ಬಿಟುಮೆನ್ ಸೇರಿಸಿದ ತೆಳು ಪದರ ಹಚ್ಚುತ್ತೇವೆ. ಅದರ ಮೇಲೆ ಸೂಜಿಯಿಂದ ಬರೆದರೆ ಗೆರೆ ಇದ್ದಲ್ಲಿ ಮಾತ್ರ ಲೋಹ ಕಾಣುತ್ತದೆ. ದ್ರಾವಣದಲ್ಲಿ ಇಟ್ಟಾಗ ಆ ಜಾಗದ ಸತು ಕರಗಿ ನೀರಿಗೆ ಹೋಗುತ್ತದೆ, ನೀರಿನೊಳಗಿನ ತಾಮ್ರ ಕೆಂಪು ಪುಡಿಯಾಗಿ ಹೊರಗೆ ಬೀಳುತ್ತದೆ. ಆ ಪುಡಿಯನ್ನು ಕೋಳಿ ಪುಕ್ಕದಿಂದ ಮೆಲ್ಲಗೆ ಸರಿಸುತ್ತ ಇರಬೇಕು. ಅಲ್ಯೂಮಿನಿಯಂ ತಗಡೂ ಆಗುತ್ತದೆ. ಅದರ ಮೇಲಿರುವ ಗಟ್ಟಿ ಪೊರೆಯನ್ನು ಉಪ್ಪು ಬಿಡಿಸಿಕೊಡುತ್ತದೆ, ಆದರೆ ಬಿಸಿ ಜಾಸ್ತಿ ಏರುತ್ತದೆ, ಗಾಳಿಗುಳ್ಳೆಯೂ ಏಳುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ತಗಡಿನ ಬೆನ್ನಿಗೆ ಪ್ಯಾಕಿಂಗ್ ಟೇಪ್ ಅಂಟಿಸಿ, ಇಲ್ಲವಾದರೆ ಬೆನ್ನೂ ಕರಗುತ್ತದೆ. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಿರಬೇಕು. ಗ್ಲೌಸ್, ಕನ್ನಡಕ ಹಾಕದವರನ್ನು ನಾನು ಟ್ರೇ ಹತ್ತಿರ ಬಿಡುವುದಿಲ್ಲ.

ನೀಲಿ ಬಣ್ಣ ಮಂಕಾದರೆ ದ್ರಾವಣದ ಶಕ್ತಿ ಮುಗಿಯಿತು ಅಂತ ಅರ್ಥ. ಅದನ್ನು ಹಳ್ಳಕ್ಕೆ, ಬಾವಿ ಕಡೆಗೆ ಚೆಲ್ಲಬೇಡಿ. ಮೀನು, ಕಪ್ಪೆಗೆ ತಾಮ್ರ ವಿಷ. ವಾಷಿಂಗ್ ಸೋಡಾ ಹಾಕಿ ಗಸಿ ಕೂರಿಸಿ, ಗಸಿಯನ್ನು ಬೇರೆ ಡಬ್ಬಿಯಲ್ಲಿ ಮುಚ್ಚಿಡಿ.

ಮಳೆಗಾಲದಲ್ಲಿ ಕೆಲಸ ನಡೀತದಾ?

ನಡೆಯುತ್ತದೆ, ಆದರೆ ಜಗಳ ಮಾಡಿಕೊಂಡು. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಎಣ್ಣೆ ಇಂಕು ಒಣಗುವುದಿಲ್ಲ. ಪ್ರೆಸ್ಸಿಗೆ ತುಕ್ಕು. ಕೆತ್ತಿದ ಹಲಗೆ ಬಾಗುತ್ತದೆ. ಎಚಿಂಗ್‌ಗೆ ಕಾಗದವನ್ನು ನೀರಿನಲ್ಲಿ ನೆನೆಸಿ, ಒತ್ತಿ ಹದ ಮಾಡಬೇಕು. ಆ ಒದ್ದೆ ಕಾಗದ ಉಳಿಸಿಟ್ಟರೆ ಬೂಷ್ಟು ಬಂದಿರುತ್ತದೆ. ಅವತ್ತಿಗೆ ಬೇಕಾದಷ್ಟೇ ನೆನೆಸಿ.

ನನ್ನ ಕ್ರಮ ಹೀಗಿದೆ: ಜೂನ್, ಜುಲೈ ಪೂರ್ತಿ ಕೆತ್ತುವ ಕೆಲಸ, ಅಕ್ಟೋಬರ್ ನಂತರ ಅಚ್ಚು ತೆಗೆಯುವ ಕೆಲಸ. ಕಾಗದ ತಗಡಿನ ಟ್ರಂಕಿನಲ್ಲಿ, ಜೊತೆಗೆ ಸಿಲಿಕಾ ಜೆಲ್. ಟ್ರಂಕು ನೆಲದ ಮೇಲೆ ಬೇಡ, ಒರಲೆ ಬರುತ್ತದೆ. ಪ್ರೆಸ್ಸಿನ ಉರುಳೆಗೆ ಎಣ್ಣೆ ಒರೆಸಿ, ಅಚ್ಚು ತೆಗೆಯುವಾಗ ಕಾಗದದ ಮೇಲೆ ಹಾಸುವ ಕಂಬಳಿ ತೆಗೆದು ಬೇರೆ ಇಡುತ್ತೇನೆ. ಮೈದಾ ಅಂಟಿಗೆ ಎರಡು ಹನಿ ಲವಂಗದ ಎಣ್ಣೆ ಬಿಟ್ಟರೆ ಬೇಗ ಬೂಷ್ಟು ಹಿಡಿಯುವುದಿಲ್ಲ. ಫ್ರೇಮ್ ಮಾಡಿಸಿದ ಪ್ರಿಂಟನ್ನು ಹೊರಗೋಡೆಗೆ ನೇತು ಹಾಕಬೇಡಿ. ಆ ಗೋಡೆ ಮಳೆ ನೀರು ಕುಡಿದಿರುತ್ತದೆ.

ಎಲ್ಲಿ ಮಾರೋದು? ಬೆಲೆ ಹೇಗೆ ಹೇಳೋದು?

ಬೆಂಗಳೂರಿನ ಚಿತ್ರಸಂತೆಗೆ ಅರ್ಜಿ ಹಾಕಿ. 2003ರಿಂದ ನಡೆಯುತ್ತಿದೆ, ಸಾಮಾನ್ಯವಾಗಿ ಜನವರಿಯಲ್ಲಿ. ಅಲ್ಲಿ ಪ್ರಿಂಟ್‌ಗೆ ಒಂದು ಲಾಭ ಇದೆ: ಪೇಂಟಿಂಗ್ ಕೊಳ್ಳಲಾಗದವರೂ ಒಂದು ಸಣ್ಣ ವುಡ್‌ಕಟ್ ಕೊಳ್ಳುತ್ತಾರೆ. ಕರ್ನಾಟಕ ಲಲಿತಕಲಾ ಅಕಾಡೆಮಿಯ ವಾರ್ಷಿಕ ಪ್ರದರ್ಶನಕ್ಕೂ ಕಳಿಸಿ. ದೊಡ್ಡ ಆಸೆ ಇದ್ದರೆ ಭೋಪಾಲಿನ ಭಾರತ್ ಭವನ ಪ್ರಿಂಟ್‌ಗೆಂದೇ ಪ್ರದರ್ಶನ ನಡೆಸಿಕೊಂಡು ಬಂದಿದೆ, ಕೇಂದ್ರ ಲಲಿತ ಕಲಾ ಅಕಾಡೆಮಿ 2018ರಲ್ಲಿ ಪ್ರಿಂಟ್ ಬಿನಾಲೆ ಅನ್ನುವ ದೊಡ್ಡ ಪ್ರದರ್ಶನ ಶುರು ಮಾಡಿತು.

ಬೆಲೆಯಲ್ಲಿ ಒಂದೇ ಕಟ್ಟುನಿಟ್ಟು. ಒಂದೇ ಎಡಿಷನ್ನಿನ, ಅಂದರೆ ನಂಬರ್ ಹಾಕಿದ ಒಂದೇ ಸರಣಿಯ ಪ್ರಿಂಟನ್ನು ಗೋಕರ್ಣದ ಟೂರಿಸ್ಟಿಗೆ ಒಂದು ಬೆಲೆ, ಊರಿನ ಡಾಕ್ಟರಿಗೆ ಒಂದು ಬೆಲೆ ಅಂತ ಮಾಡಬೇಡಿ. ನೆಂಟರಿಗೆ ಪುಕ್ಕಟೆ ಕೊಡುವುದಿದ್ದರೆ ಎ/ಪಿ ಕೊಡಿ.

ಈಗ ಎಐ ಎಲ್ಲ ಚಿತ್ರ ಮಾಡ್ತದಲ್ಲ?

ಮಾಡಲಿ. ಇಂಕು ಒರೆಸುವವರು ಯಾರು?

ನನಗೆ ವಯಸ್ಸಾಯ್ತು, ಬ್ಯಾಂಕಿನ ನೌಕರಿ ಮುಗೀತು. ಈಗ ಕಲೀಬಹುದಾ? ಬರುವಾಗ ಏನು ತರ್ಬೇಕು?

ಬನ್ನಿ. ನಿವೃತ್ತರು ಅವಸರ ಮಾಡುವುದಿಲ್ಲ, ಅದು ಈ ಕೆಲಸಕ್ಕೆ ದೊಡ್ಡ ಅನುಕೂಲ. ಕಣ್ಣಿನ ತೊಂದರೆ ಇದ್ದರೆ ಎಚಿಂಗ್ ಬಿಟ್ಟು ದೊಡ್ಡ ಗೆರೆಯ ವುಡ್‌ಕಟ್ ಮಾಡೋಣ. ಹಳೆಯ ಅಂಗಿ, ಹರಿದ ಕಾಟನ್ ಪಂಚೆಯ ತುಂಡುಗಳು, ಒಂದು ಬಾಟಲಿಯಲ್ಲಿ ಸ್ವಲ್ಪ ಅಡುಗೆ ಎಣ್ಣೆ ತನ್ನಿ. ಇಂಕು ತೊಳೆಯಲು ಸೀಮೆಎಣ್ಣೆಗಿಂತ ಅದು ವಾಸಿ, ಕೈಯೂ ಉರಿಯುವುದಿಲ್ಲ. ಉಳಿ, ಹಲಗೆ ನಾನು ಕೊಡುತ್ತೇನೆ. ಕೆತ್ತುವಾಗ ಹಲಗೆ ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆ ಇರಬೇಕು, ಮುಂದೆ ಅಲ್ಲ. ಉಂಗುರ, ಕೈಗಡಿಯಾರ ಮನೆಯಲ್ಲೇ ಬಿಟ್ಟು ಬನ್ನಿ. ಪ್ರೆಸ್ಸಿನ ಹತ್ತಿರ ಅವುಗಳಿಗೆ ಕೆಲಸ ಇಲ್ಲ.